ಠಾಣಾಧಿಕಾರಿಯ ಕುರ್ಚಿಯವರೆಗೆ: ಬೀದರ್ ಗಡಿಸೀಮೆಯ ಪೊಲೀಸ್ ಆಡಳಿತದಲ್ಲಿ ಮಹಿಳೆಯರು

ಬೀದರ್ ಜಿಲ್ಲೆಯ ಪೊಲೀಸ್ ವ್ಯವಸ್ಥೆ ಇಂದಿನ ಆಡಳಿತ ಚೌಕಟ್ಟಿಗೆ ಬಂದದ್ದು 1956ರ ನವೆಂಬರ್ 1ರಂದು. ಅಂದು ಹೈದರಾಬಾದ್ ರಾಜ್ಯದ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಗಿ, ಬೀದರ್, ಭಾಲ್ಕಿ, ಔರಾದ್ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೂ, ಉದಗೀರದ ಕಡೆಯ ಭಾಗ ಆಗಿನ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್ ಕಡೆಯ ಭಾಗ ಆಂಧ್ರಪ್ರದೇಶಕ್ಕೂ ಸೇರಿದವು. ಆದರೆ ಠಾಣೆ, ಚೌಕಿ, ಪಂಚನಾಮೆ, ಫಿರ್ಯಾದಿ ಎಂಬಂಥ ಮಾತುಗಳೂ ಅವುಗಳ ಹಿಂದಿನ ಆಡಳಿತ ಪದ್ಧತಿಯೂ ಈ ನೆಲದಲ್ಲಿ ಅದಕ್ಕಿಂತ ಬಹಳ ಹಿಂದೆಯೇ ಬೇರೂರಿದ್ದವು. ನಿಜಾಮನ ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗ್ 1860ರ ದಶಕದಲ್ಲಿ ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸಿ, ಅಲ್ಲಿಯವರೆಗೆ ಜಾಗೀರುದಾರರ, ತಾಲೂಕ್‌ದಾರರ ಕೈಯಲ್ಲಿ ಚದುರಿಹೋಗಿದ್ದ ಕಾವಲು ಪಡೆಗಳ ಜಾಗದಲ್ಲಿ ಸರ್ಕಾರದ ಪೊಲೀಸ್ ಇಲಾಖೆಯನ್ನು ಕಟ್ಟಿದರು. ಆ ಇಲಾಖೆಯಲ್ಲಿ ಜಿಲ್ಲೆಯ ಮುಖ್ಯಸ್ಥನಿಗೆ ಮೊಹತಮಿಮ್ ಎಂದೂ ಠಾಣೆಯ ಅಧಿಕಾರಿಗೆ ಅಮೀನ ಎಂದೂ ಹೆಸರಿತ್ತು. ಹಳ್ಳಿಯ ಮಟ್ಟದಲ್ಲಿ ಕಂದಾಯ ನೋಡಿಕೊಳ್ಳುವ ಮಾಲಿ ಪಾಟೀಲನೂ ಕಾನೂನು ಶಾಂತಿ ನೋಡಿಕೊಳ್ಳುವ ಪೊಲೀಸ್ ಪಾಟೀಲನೂ ಇದ್ದರು, ಮತ್ತು ಈ ಎರಡೂ ತಂದೆಯಿಂದ ಮಗನಿಗೆ ಇಳಿದುಬರುವ ವತನದ ಹುದ್ದೆಗಳಾಗಿದ್ದವು. ಮೊಹತಮಿಮ್‌ನಿಂದ ಪಾಟೀಲನವರೆಗೆ ಹರಡಿದ್ದ ಈ ಶ್ರೇಣಿಯ ಯಾವ ಮೆಟ್ಟಿಲಲ್ಲೂ ಹೆಣ್ಣಿಗೆ ಜಾಗವಿರಲಿಲ್ಲ.

ಹಾಗೆಂದು ಬೀದರ್ ಹೆಣ್ಣಿನ ಆಳ್ವಿಕೆಯನ್ನೇ ಕಾಣದ ಊರಲ್ಲ. 1461ರಲ್ಲಿ ಬಹಮನಿ ಸುಲ್ತಾನ ಹುಮಾಯೂನ್ ಸತ್ತಾಗ ಪಟ್ಟಕ್ಕೆ ಬಂದ ಮಗ ಇನ್ನೂ ಬಾಲಕನಾಗಿದ್ದುದರಿಂದ, ರಾಣಿ ನರ್ಗಿಸ್ ಬೇಗಂ, ಅಂದರೆ ಚರಿತ್ರೆ ಮಖ್ದೂಮಾ ಜಹಾನ್ ಎಂಬ ಬಿರುದಿನಿಂದ ಗುರುತಿಸುವ ರಾಜಮಾತೆ, ಮಹಮೂದ್ ಗವಾನ್ ಮತ್ತು ಖ್ವಾಜಾ ಜಹಾನ್ ಎಂಬ ಇಬ್ಬರು ಮಂತ್ರಿಗಳೊಡನೆ ಬೀದರ್ ಕೋಟೆಯೊಳಗಿನಿಂದ ರಾಜ್ಯಭಾರ ನಡೆಸಿದಳು. ಖ್ವಾಜಾ ಜಹಾನನ ಅಧಿಕಾರದಾಹ ಮಿತಿಮೀರಿದಾಗ ಅವನನ್ನು ದರ್ಬಾರಿನಲ್ಲಿಯೇ ಕೊನೆಗಾಣಿಸುವ ನಿರ್ಧಾರವೂ ಅವಳದೇ ಆಗಿತ್ತೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಆದರೆ ಅರಮನೆಯ ಹೆಣ್ಣಿಗೆ ಒಲಿದ ಅಧಿಕಾರ ಪೇಟೆಯ, ಹೊಲದ, ತಾಂಡಾದ ಹೆಣ್ಣಿನ ಬಳಿಗೆ ಸುಳಿಯಲಿಲ್ಲ. ಕಾವಲಿನ ಅಧಿಕಾರವಂತೂ ಐದು ಶತಮಾನ ಕಳೆದರೂ ಪೂರ್ತಿಯಾಗಿ ಗಂಡಸರ ಕೈಯಲ್ಲೇ ಉಳಿಯಿತು.

ಇದರ ಬೆಲೆ ಎಷ್ಟೆಂಬುದು 1948ರಲ್ಲಿ ಕಂಡುಬಂತು. ಆ ವರ್ಷದ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ನಿಜಾಮನ ಪರವಾಗಿದ್ದ ರಜಾಕಾರರು ನಡೆಸಿದ ಹತ್ಯಾಕಾಂಡ, ಹೈದರಾಬಾದನ್ನು ಭಾರತಕ್ಕೆ ಸೇರಿಸಲು ಸೆಪ್ಟೆಂಬರ್ 13ರಿಂದ ನಡೆದ, ಪೊಲೀಸ್ ಕಾರ್ಯಾಚರಣೆಯೆಂದು ಕರೆಯಲಾದ ಸೇನಾ ಕಾರ್ಯಾಚರಣೆ, ಅದರ ಬೆನ್ನಿಗೇ ಮುಸ್ಲಿಂ ಕುಟುಂಬಗಳ ಮೇಲೆ ನಡೆದ ಪ್ರತೀಕಾರದ ದಾಳಿಗಳು, ಇವೆಲ್ಲವುಗಳಲ್ಲಿ ಎರಡೂ ಸಮುದಾಯಗಳ ಹೆಣ್ಣುಮಕ್ಕಳು ಹೇಳಲಾಗದ ನೋವುಂಡರು. ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಭಾರತ ಸರ್ಕಾರ ಕಳಿಸಿದ ಸಮಿತಿ, ಅತ್ಯಂತ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದೆಂದು ಹೇಳಿತು, ಮತ್ತು ಹೆಣ್ಣುಮಕ್ಕಳ ಅಪಹರಣ ಹಾಗೂ ಅತ್ಯಾಚಾರಗಳನ್ನೂ ತನ್ನ ವರದಿಯಲ್ಲಿ ನಮೂದಿಸಿತು. ಹಾಗೆ ನೊಂದವಳು ಯಾವ ಕೋಮಿನವಳೇ ಆಗಿರಲಿ, ಹೋಗಿ ಹೇಳಿಕೊಳ್ಳಲು ಜಿಲ್ಲೆಯ ಒಂದು ಠಾಣೆಯಲ್ಲಿಯೂ ಒಬ್ಬ ಹೆಣ್ಣು ಅಧಿಕಾರಿ ಇರಲಿಲ್ಲ. ಈ ಜಿಲ್ಲೆಯಲ್ಲಿ ಮಹಿಳಾ ಪೊಲೀಸಿನ ಚರಿತ್ರೆಯನ್ನು ಮೊದಲ ನೇಮಕಾತಿಯಿಂದಲ್ಲ, ಈ ಕೊರತೆಯಿಂದ ಆರಂಭಿಸುವುದೇ ನ್ಯಾಯ.

ದೇಶದ ಇತರ ಕಡೆಗಳಲ್ಲಿ ಆ ಹೊತ್ತಿಗಾಗಲೇ ಚಿಕ್ಕ ಆರಂಭವಾಗಿತ್ತು. ತಿರುವಾಂಕೂರು ಸಂಸ್ಥಾನ 1933ರಲ್ಲಿಯೇ ಮಹಿಳೆಯರನ್ನು ಪೊಲೀಸ್ ಕೆಲಸಕ್ಕೆ ತೆಗೆದುಕೊಂಡಿತ್ತು. ಕಿರಣ್ ಬೇಡಿ 1972ರಲ್ಲಿ ಭಾರತೀಯ ಪೊಲೀಸ್ ಸೇವೆಗೆ, ಅಂದರೆ ಜಿಲ್ಲೆಗಳನ್ನೂ ರಾಜ್ಯ ಪೊಲೀಸ್ ಪಡೆಗಳನ್ನೂ ಮುನ್ನಡೆಸುವ ಅಖಿಲ ಭಾರತ ಮಟ್ಟದ ಐಪಿಎಸ್ ಸೇವೆಗೆ, ಆಯ್ಕೆಯಾದ ಮೊದಲ ಮಹಿಳೆಯಾದರು. ಮರುವರ್ಷ, 1973ರ ಅಕ್ಟೋಬರ್ 27ರಂದು, ಕೋಳಿಕ್ಕೋಡಿನಲ್ಲಿ ದೇಶದ ಮೊದಲ ಮಹಿಳಾ ಪೊಲೀಸ್ ಠಾಣೆಯನ್ನು ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಕರ್ನಾಟಕಕ್ಕೆ 1975ರ ತಂಡದ ಜೀಜಾ ಹರಿಸಿಂಗ್ ಅವರು ಮೊದಲ ಮಹಿಳಾ ಐಪಿಎಸ್ ಅಧಿಕಾರಿಯಾಗಿ ಬಂದು ಮಹಾನಿರ್ದೇಶಕ ದರ್ಜೆಯವರೆಗೆ ಏರಿದರು. ಇಡೀ ರಾಜ್ಯದ ಪೊಲೀಸ್ ಪಡೆಯ ಚುಕ್ಕಾಣಿ ಮಹಿಳೆಯ ಕೈಗೆ ಬರಲು ಮಾತ್ರ 2017ರ ಅಕ್ಟೋಬರ್ ಕೊನೆಯವರೆಗೆ ಕಾಯಬೇಕಾಯಿತು. 1983ರ ತಂಡದ ನೀಲಮಣಿ ಎನ್. ರಾಜು ಆಗ ಪೊಲೀಸ್ ಮಹಾನಿರ್ದೇಶಕ ಹಾಗೂ ಮಹಾನಿರೀಕ್ಷಕರಾಗಿ ಅಧಿಕಾರ ವಹಿಸಿಕೊಂಡು 2020ರ ಜನವರಿಯಲ್ಲಿ ನಿವೃತ್ತರಾದರು.

ನೀಲಮಣಿ ರಾಜು ಅವರ ಅವಧಿಯ ಒಂದು ತೀರ್ಮಾನವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು, ಏಕೆಂದರೆ ಅದು ಬೆಂಗಳೂರಿನ ಕಚೇರಿಯಿಂದ ಹೊರಟು ಔರಾದ್ ಠಾಣೆಯ ಪೇದೆಯವರೆಗೂ ತಲುಪಿದ ಆದೇಶ. 2018ರ ಅಕ್ಟೋಬರ್‌ನಲ್ಲಿ ಹೊರಟ ಸುತ್ತೋಲೆಯ ಪ್ರಕಾರ, ಕರ್ತವ್ಯದ ಮೇಲಿರುವ ಮಹಿಳಾ ಸಿಬ್ಬಂದಿ ಖಾಕಿ ಸೀರೆಯ ಬದಲು ಖಾಕಿ ಅಂಗಿ ಮತ್ತು ಪ್ಯಾಂಟ್ ತೊಡಬೇಕೆಂದಾಯಿತು. ನೆರಿಗೆ, ಸೆರಗು, ಪಿನ್ನುಗಳನ್ನು ಸಂಭಾಳಿಸುತ್ತ ಜಾತ್ರೆಯ ನೂಕುನುಗ್ಗಲಿನಲ್ಲಿ ನಿಲ್ಲುವುದು, ಬೈಕು ಓಡಿಸುವುದು, ಓಡುವ ಆರೋಪಿಯ ಬೆನ್ನು ಹತ್ತುವುದು ಎಷ್ಟು ಕಷ್ಟವೆಂಬುದನ್ನು ಸೀರೆ ಉಟ್ಟವರು ಮಾತ್ರ ಬಲ್ಲರು. ಹಾಗೆ ಬಲ್ಲವರೊಬ್ಬರು ಆದೇಶ ಹೊರಡಿಸುವ ಸ್ಥಾನಕ್ಕೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ.

ಪೊಲೀಸ್ ಇಲಾಖೆಯಲ್ಲಿ ನಾಯಕತ್ವವೆಂದರೆ ಜನರ ಕಣ್ಣಿಗೆ ಕಾಣುವುದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ, ಅಂದರೆ ಎಸ್‌ಪಿಯ ಹುದ್ದೆ. ಬೀದರ್‌ನಲ್ಲಿ ಈ ಹುದ್ದೆಯಲ್ಲಿ ಕೆಲಸ ಮಾಡಿದ ಮಹಿಳೆ ಡಿ. ರೂಪಾ. ದಾವಣಗೆರೆಯವರಾದ, 2000ದ ತಂಡದ ಈ ಅಧಿಕಾರಿ ಧಾರವಾಡ, ಗದಗ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಎಸ್‌ಪಿ ಆಗಿದ್ದು, ಮುಂದೆ 2017ರಲ್ಲಿ ಕಾರಾಗೃಹ ಇಲಾಖೆಯ ಡಿಐಜಿಯಾಗಿ ಪರಪ್ಪನ ಅಗ್ರಹಾರ ಜೈಲಿನ ಬಗ್ಗೆ ಸಲ್ಲಿಸಿದ ವರದಿಯಿಂದ ದೇಶದಾದ್ಯಂತ ಹೆಸರಾದರು. 2020ರಲ್ಲಿ ರಾಜ್ಯದ ಗೃಹ ಕಾರ್ಯದರ್ಶಿ ಹುದ್ದೆಗೂ ಬಂದರು. ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನೊಳಗೊಂಡ ಈಶಾನ್ಯ ವಲಯದ ಕೇಂದ್ರವಾದ ಕಲಬುರಗಿಯಲ್ಲಿಯೂ ಈಡಾ ಮಾರ್ಟಿನ್ ಮಾರ್ಬನಿಯಾಂಗ್, ಸಿಮಿ ಮರಿಯಮ್ ಜಾರ್ಜ್, ಇಶಾ ಪಂತ್ ಅವರು ಕಳೆದ ಕೆಲವು ವರ್ಷಗಳಲ್ಲಿ ಒಬ್ಬರ ಬಳಿಕ ಒಬ್ಬರಂತೆ ಜಿಲ್ಲಾ ಎಸ್‌ಪಿಗಳಾಗಿದ್ದರು. 2023ರಲ್ಲಿ ಯಾದಗಿರಿಗೆ ಜಿ. ಸಂಗೀತಾ ಎಸ್‌ಪಿಯಾಗಿ ಬಂದರು. ಪೊಲೀಸ್ ಇಲಾಖೆಯ ಹೊರಗಿದ್ದರೂ ಕಾನೂನು ಸುವ್ಯವಸ್ಥೆಯ ಹೊಣೆ ಹೊತ್ತ ಇನ್ನೊಂದು ಹುದ್ದೆ ಜಿಲ್ಲಾಧಿಕಾರಿಯದು. ಜಿಲ್ಲಾ ದಂಡಾಧಿಕಾರಿಯ ನೆಲೆಯಲ್ಲಿ ನಿಷೇಧಾಜ್ಞೆ ಹೊರಡಿಸುವ ಅಧಿಕಾರವಿರುವ ಆ ಹುದ್ದೆಗೆ ಬೀದರ್‌ನಲ್ಲಿ 2024ರಲ್ಲಿ ಶಿಲ್ಪಾ ಶರ್ಮಾ ಬಂದರು.

ಈ ಹೆಸರುಗಳು ಹೆಮ್ಮೆಯವು. ಆದರೂ ಇವರೆಲ್ಲ ಅಖಿಲ ಭಾರತ ಸೇವೆಗಳಿಂದ ಬಂದವರು. ಜಿಲ್ಲೆಯಲ್ಲಿ ಒಂದೆರಡು ವರ್ಷವಿದ್ದು ಮುಂದಿನ ಹುದ್ದೆಗೆ ಹೋಗುವವರು. ಮೇಲಿನ ಮೆಟ್ಟಿಲಿಗೆ ಹೊರಗಿನಿಂದ ಮಹಿಳೆಯರು ಬಂದರು, ಕೆಳಗಿನ ಮೆಟ್ಟಿಲಿಗೆ ಊರಿನ ಹೆಣ್ಣುಮಕ್ಕಳು ಪೇದೆಗಳಾಗಿ ಸೇರಿದರು. ನಡುವಣ ಮೆಟ್ಟಿಲುಗಳು ಮಾತ್ರ ಬಹುಮಟ್ಟಿಗೆ ಖಾಲಿ ಉಳಿದವು. 2025ರ ಇಂಡಿಯಾ ಜಸ್ಟಿಸ್ ರಿಪೋರ್ಟ್ ಕೊಡುವ ಲೆಕ್ಕದಂತೆ, ದೇಶದ ಪೊಲೀಸ್ ಪಡೆಗಳಲ್ಲಿರುವ ಸುಮಾರು 2.4 ಲಕ್ಷ ಮಹಿಳೆಯರಲ್ಲಿ ಐಪಿಎಸ್ ದರ್ಜೆಯವರು ಸಾವಿರಕ್ಕಿಂತ ಕಡಿಮೆ, ಉಳಿದ ಅಧಿಕಾರಿ ದರ್ಜೆಯವರು ಸುಮಾರು 24 ಸಾವಿರ, ಮಿಕ್ಕ 2.17 ಲಕ್ಷ ಮಂದಿ ಪೇದೆ ಮತ್ತು ಮುಖ್ಯ ಪೇದೆಯ ದರ್ಜೆಯಲ್ಲಿದ್ದಾರೆ. ಅಂದರೆ ಖಾಕಿ ತೊಟ್ಟ ಹತ್ತು ಮಹಿಳೆಯರಲ್ಲಿ ಒಂಬತ್ತು ಮಂದಿ ಆದೇಶ ಪಾಲಿಸುವವರೇ ಹೊರತು ಕೊಡುವವರಲ್ಲ.

ನಡುವಣ ಮೆಟ್ಟಿಲು ಎಂದರೇನೆಂಬುದನ್ನು ಬಿಡಿಸಿ ಹೇಳಬೇಕು. ಪೇದೆ, ಮುಖ್ಯ ಪೇದೆ, ಎಎಸ್‌ಐ ಇವರ ಮೇಲೆ ಪಿಎಸ್‌ಐ, ಎಂದರೆ ಹೆಗಲ ಮೇಲೆ ಎರಡು ನಕ್ಷತ್ರ ಧರಿಸಿ ಗ್ರಾಮೀಣ ಠಾಣೆಯನ್ನು ನಡೆಸುವ ಸಬ್ ಇನ್ಸ್‌ಪೆಕ್ಟರ್ ಇರುತ್ತಾರೆ. ಅವರ ಮೇಲೆ ಕೆಲವು ಠಾಣೆಗಳ ವೃತ್ತವನ್ನು ನೋಡಿಕೊಳ್ಳುವ ಸಿಪಿಐ, ಅವರ ಮೇಲೆ ಉಪವಿಭಾಗದ ಮುಖ್ಯಸ್ಥರಾದ ಡಿವೈಎಸ್‌ಪಿ. ಬೀದರ್ ಜಿಲ್ಲೆಯಲ್ಲಿ ಬೀದರ್, ಭಾಲ್ಕಿ, ಹುಮನಾಬಾದ್ ಎಂಬ ಮೂರು ಉಪವಿಭಾಗಗಳಿದ್ದು, ಔರಾದ್, ಸಂತಪುರ, ಕಮಲನಗರ, ಠಾಣಾ ಕುಶನೂರಿನ ಕಡೆಯ ಗಡಿಠಾಣೆಗಳು ಭಾಲ್ಕಿ ಉಪವಿಭಾಗಕ್ಕೆ ಸೇರುತ್ತವೆ. ಎಫ್‌ಐಆರ್ ದಾಖಲಿಸುವುದು, ಸ್ಥಳಕ್ಕೆ ಹೋಗಿ ಪಂಚನಾಮೆ ಮಾಡುವುದು, ಸಾಕ್ಷಿಗಳ ಹೇಳಿಕೆ ಪಡೆಯುವುದು, ಯಾರನ್ನು ದಸ್ತಗಿರಿ ಮಾಡಬೇಕು, ಯಾವ ಕಲಂ ಹಾಕಬೇಕು ಎಂದು ತೀರ್ಮಾನಿಸುವುದು, ಕೊನೆಗೆ ನ್ಯಾಯಾಲಯಕ್ಕೆ ದೋಷಾರೋಪಣ ಪಟ್ಟಿ ಸಲ್ಲಿಸುವುದು, ಇವೆಲ್ಲ ನಡೆಯುವುದು ಈ ನಡುವಣ ಮೆಟ್ಟಿಲುಗಳಲ್ಲಿ. ಹಳ್ಳಿಯ ಹೆಣ್ಣುಮಗಳೊಬ್ಬಳ ಪಾಲಿಗೆ ಪೊಲೀಸ್ ಎಂದರೆ ಎಸ್‌ಪಿ ಅಲ್ಲ, ಪಿಎಸ್‌ಐ.

ಕಾನೂನು ಕೂಡ ಇದೇ ಮೆಟ್ಟಿಲಿನತ್ತ ಬೊಟ್ಟು ಮಾಡುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಗೆ 2005ರಲ್ಲಿ ತಂದ ತಿದ್ದುಪಡಿಯಂತೆ, ಸೂರ್ಯಾಸ್ತದ ಬಳಿಕ ಮತ್ತು ಸೂರ್ಯೋದಯಕ್ಕೆ ಮೊದಲು ಮಹಿಳೆಯನ್ನು ವಿಶೇಷ ಕಾರಣವಿಲ್ಲದೆ ಬಂಧಿಸಕೂಡದು. ಅಂಥ ಕಾರಣವಿದ್ದರೆ ಮಹಿಳಾ ಪೊಲೀಸ್ ಅಧಿಕಾರಿ ಲಿಖಿತ ವರದಿ ಸಲ್ಲಿಸಿ ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿ ಪಡೆಯಬೇಕು. 2012ರ ಪೋಕ್ಸೊ ಕಾಯ್ದೆ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ, ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಮಟ್ಟಿಗೆ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಪಡೆಯಬೇಕೆನ್ನುತ್ತದೆ. ಲೈಂಗಿಕ ಅಪರಾಧಕ್ಕೆ ಒಳಗಾದ ಮಹಿಳೆಯ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕೆಂದು 2013ರ ತಿದ್ದುಪಡಿ ವಿಧಿಸಿತು, ಮತ್ತು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಈ ರಕ್ಷಣೆಗಳನ್ನು ಉಳಿಸಿಕೊಂಡಿದೆ. ಪ್ರತಿ ಠಾಣೆಯಲ್ಲಿ ಕನಿಷ್ಠ 3 ಮಹಿಳಾ ಸಬ್ ಇನ್ಸ್‌ಪೆಕ್ಟರುಗಳೂ 10 ಮಹಿಳಾ ಪೇದೆಗಳೂ ಇರಬೇಕು, ಒಟ್ಟು ಪಡೆಯಲ್ಲಿ ಮಹಿಳೆಯರ ಪಾಲು ಶೇಕಡಾ 33ಕ್ಕೆ ಏರಬೇಕು ಎಂದು ಕೇಂದ್ರ ಗೃಹ ಸಚಿವಾಲಯ 2013ರಲ್ಲಿ ರಾಜ್ಯಗಳಿಗೆ ಸೂಚಿಸಿದ್ದು ಈ ಹಿನ್ನೆಲೆಯಲ್ಲಿಯೇ. ದೇಶದ ಸರಾಸರಿ ಇನ್ನೂ ಶೇಕಡಾ 12ರ ಆಸುಪಾಸಿನಲ್ಲಿದೆ.

ಈ ಕಲಮುಗಳು ಠಾಣೆಯ ಮೇಜಿನ ಮುಂದೆ ಯಾವ ರೂಪ ತಳೆಯುತ್ತವೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಔರಾದ್ ತಾಲ್ಲೂಕಿನ ತಾಂಡಾದಿಂದ ಬಂದ ಹೆಣ್ಣುಮಗಳು ಲಂಬಾಣಿಯಲ್ಲಿ ಯೋಚಿಸುತ್ತಾಳೆ, ಗಡಿಯ ಹಳ್ಳಿಯವಳು ಮರಾಠಿಯಲ್ಲಿ ಮಾತಾಡುತ್ತಾಳೆ, ಬೀದರ್ ಹಳೆಪೇಟೆಯವಳಿಗೆ ದಖನಿ ಉರ್ದು ಸಲೀಸು. ದಾಖಲೆ ಮಾತ್ರ ಕನ್ನಡದಲ್ಲಾಗಬೇಕು. ಅವಳು ತಡವರಿಸಿ, ನಡುನಡುವೆ ಅತ್ತು, ಹಿಂದುಮುಂದಾಗಿ ಹೇಳಿದ್ದನ್ನು ಬರೆಯುವವರು "ಸದರಿ ಆರೋಪಿಯು ಅವಾಚ್ಯ ಶಬ್ದಗಳಿಂದ ಬೈದು ಜೀವ ಬೆದರಿಕೆ ಹಾಕಿದ್ದು ಇರುತ್ತದೆ" ಎಂಬ ಠಾಣೆಯ ಸಿದ್ಧ ಭಾಷೆಗೆ ಇಳಿಸುತ್ತಾರೆ. ಬಳಿಕ ಅದನ್ನು ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಪಡೆದು, ಒಂದು ಪ್ರತಿಯನ್ನು ಅವಳಿಗೆ ಉಚಿತವಾಗಿ ಕೊಡಬೇಕು. ಯಾವ ದಿನ, ಯಾವ ಹೊತ್ತು, ಯಾರು ಮೊದಲು ಕೈ ಮಾಡಿದರು, ಮೈಮೇಲೆ ಎಲ್ಲೆಲ್ಲಿ ಗಾಯ, ಇಂಥ ವಿವರಗಳಲ್ಲಿ ಒಂದು ಬಿಟ್ಟುಹೋದರೂ ಮುಂದೆ ಪಾಟೀಸವಾಲಿನಲ್ಲಿ ಪ್ರಕರಣ ಕುಸಿಯಬಹುದು. ಗಂಡಸರ ಎದುರು ಬಾಯಿಗೆ ಬಾರದ ಆ ವಿವರ ಹೆಣ್ಣು ಅಧಿಕಾರಿಯ ಎದುರು ಬರುವ ಸಾಧ್ಯತೆ ಹೆಚ್ಚು. ಪಕ್ಕದಲ್ಲಿ ಮಹಿಳಾ ಪೇದೆಯನ್ನು ನಿಲ್ಲಿಸಿಕೊಂಡು ಗಂಡಸೇ ಬರೆಯುವುದಕ್ಕೂ, ಮಹಿಳೆಯೇ ತನಿಖಾಧಿಕಾರಿಯಾಗಿ ಕುಳಿತು ಬರೆಯುವುದಕ್ಕೂ ಇರುವ ಅಂತರ ಅಷ್ಟು ದೊಡ್ಡದು.

ಭೂಗೋಳ ಈ ಅಂತರವನ್ನು ಇನ್ನಷ್ಟು ಹಿಗ್ಗಿಸುತ್ತದೆ. ಮಹಿಳಾ ಪೊಲೀಸ್ ಠಾಣೆ ಇರುವುದು ಬೀದರ್ ನಗರದಲ್ಲಿ. ಭಾಲ್ಕಿಯಿಂದಾಗಲಿ ಔರಾದ್‌ನಿಂದಾಗಲಿ ಅಲ್ಲಿಗೆ ಸುಮಾರು 40 ಕಿಲೋಮೀಟರ್, ಗಡಿಯ ಹಳ್ಳಿಗಳಿಂದ ಅದಕ್ಕೂ ಹೆಚ್ಚು. ಕೂಲಿ ಬಿಟ್ಟು, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು, ಬಸ್ಸು ಬದಲಿಸಿ ಬರುವವಳು ಸಂಜೆಯೊಳಗೆ ತಾನು ದೂರು ಕೊಟ್ಟ ಅದೇ ಗಂಡನ ಮನೆಗೆ ಮರಳಬೇಕಾಗಿರುತ್ತದೆ. ಹೀಗಾಗಿ ಜಿಲ್ಲಾ ಕೇಂದ್ರದಲ್ಲಿ ಪ್ರತ್ಯೇಕ ಮಹಿಳಾ ಠಾಣೆಯೊಂದನ್ನು ತೆರೆದ ಮಾತ್ರಕ್ಕೆ ಔರಾದ್ ತಾಲ್ಲೂಕಿನ ಪ್ರಶ್ನೆ ಬಗೆಹರಿಯದು. ಸಾಮಾನ್ಯ ಠಾಣೆಗಳಲ್ಲಿಯೇ ಮಹಿಳಾ ಪಿಎಸ್‌ಐಗಳು ಬೇಕು. ಕಬ್ಬಿನ ಕಟಾವಿಗೆ ಕುಟುಂಬಗಳು ಮಹಾರಾಷ್ಟ್ರದತ್ತ ಗುಳೆ ಹೋಗುವ ಸೀಮೆ ಇದು. ನಾಪತ್ತೆಯಾದ ಹುಡುಗಿಯನ್ನು ಹುಡುಕಲು ಉದಗೀರ, ದೇಗಲೂರಿನ ಠಾಣೆಗಳೊಡನೆ ಮಾತಾಡಬೇಕಾಗುತ್ತದೆ, ಬಾಲ್ಯವಿವಾಹದ ಸುಳಿವು ಸಿಕ್ಕರೆ ಮಂಟಪ ಗಡಿಯಾಚೆಗೆ ಸರಿಯುವ ಮೊದಲೇ ತಲುಪಬೇಕಾಗುತ್ತದೆ. ಕರ್ನಾಟಕವು 2016ರಲ್ಲಿ ರೂಪಿಸಿದ ತಿದ್ದುಪಡಿ ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುವಾಗಿಸಿ ಪೊಲೀಸರಿಗೆ ಸ್ವಯಂಪ್ರೇರಿತವಾಗಿ ಕ್ರಮ ಕೈಗೊಳ್ಳುವ ಬಲ ಕೊಟ್ಟಿದೆಯಾದರೂ, ಅಡುಗೆಮನೆಯಲ್ಲಿ ಕೂಡಿಸಿದ ಹುಡುಗಿಯ ಬಳಿ ಕುಳಿತು ಅವಳ ನಿಜವಾದ ವಯಸ್ಸನ್ನು ಕೇಳಿ ತಿಳಿಯುವ ಅಧಿಕಾರಿ ಆ ಹೊತ್ತಿಗೆ ಅಲ್ಲಿರಬೇಕು.

ಇಂಥ ಅಧಿಕಾರಿಗಳು ಈ ಸೀಮೆಯಿಂದಲೇ ಹುಟ್ಟಿಬರಲು ಎರಡು ಆಧಾರಗಳಿದ್ದವು. ಮೊದಲನೆಯದು ವಿದ್ಯೆ. ಪಿಎಸ್‌ಐ ಹುದ್ದೆಗೆ ಪದವಿ ಬೇಕು, ಪದವಿಗೆ ಶಾಲೆ ಬೇಕು, ಮತ್ತು ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರಂಥವರು ಆ ಶಾಲೆಗಳಿಗೆ ತಳಪಾಯ ಹಾಕಿದ್ದರು. ಆದರೂ 2011ರ ಜನಗಣತಿಯ ಹೊತ್ತಿಗೂ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇಕಡಾ 61ರ ಸುಮಾರಿನಲ್ಲಿದ್ದು, ಪುರುಷರಿಗಿಂತ ಹದಿನೇಳು ಅಂಶಗಳಷ್ಟು ಹಿಂದಿತ್ತು. ಎರಡನೆಯದು ಸಂವಿಧಾನದ 371(ಜೆ) ವಿಧಿ. ಹಿಂದುಳಿದ ಹೈದರಾಬಾದ್ ಕರ್ನಾಟಕಕ್ಕೆ, 2019ರಿಂದ ಕಲ್ಯಾಣ ಕರ್ನಾಟಕವೆಂದು ಕರೆಯಲಾಗುವ ಈ ಪ್ರದೇಶಕ್ಕೆ, ವಿಶೇಷ ಸ್ಥಾನ ಕೊಟ್ಟ ಈ ವಿಧಿಯನ್ವಯ 2013ರ ಬಳಿಕ ಸ್ಥಳೀಯ ವೃಂದದ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇಕಡಾ 75, ಸಿ ಗುಂಪಿನಲ್ಲಿ ಶೇಕಡಾ 80 ಭಾಗ ಈ ಭಾಗದವರಿಗೆ ಮೀಸಲಾಯಿತು. ಬೀದರ್‌ನ ಹುಡುಗಿ ಬೆಂಗಳೂರು, ಮೈಸೂರಿನ ಅಭ್ಯರ್ಥಿಗಳೊಡನೆ ನೇರವಾಗಿ ಸೆಣಸಬೇಕಿದ್ದ ಕಾಲ ಇದರಿಂದ ಮುಗಿಯಿತು. ಎರಡು ನಿಮಿಷದೊಳಗೆ 400 ಮೀಟರ್ ಓಡಲು ನಸುಕಿನಲ್ಲಿ ಮೈದಾನಕ್ಕಿಳಿಯುವ ಹೆಣ್ಣುಮಕ್ಕಳು ಭಾಲ್ಕಿ, ಔರಾದ್‌ಗಳಂಥ ಊರುಗಳಲ್ಲಿಯೂ ಕಾಣತೊಡಗಿದ್ದರ ಹಿಂದೆ ಈ ಮೀಸಲಾತಿಯ ಭರವಸೆಯೂ ಇದೆ.

ಆ ಭರವಸೆಗೆ ದೊಡ್ಡ ಪೆಟ್ಟು ಬಿದ್ದದ್ದು 2021ರ ಪಿಎಸ್‌ಐ ನೇಮಕಾತಿಯಲ್ಲಿ. 545 ಹುದ್ದೆಗಳಿಗೆ ಅಕ್ಟೋಬರ್ 3ರಂದು ನಡೆದ ಲಿಖಿತ ಪರೀಕ್ಷೆಯಲ್ಲಿ ಅಕ್ರಮ ನಡೆದಿರುವುದು ಮೊದಲು ಬಯಲಾದದ್ದು ನೆರೆಯ ಕಲಬುರಗಿಯ ಪರೀಕ್ಷಾ ಕೇಂದ್ರದಲ್ಲಿ. ಸರ್ಕಾರ 2022ರ ಏಪ್ರಿಲ್‌ನಲ್ಲಿ ಪರೀಕ್ಷೆಯನ್ನೇ ರದ್ದು ಮಾಡಿತು, ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಗಂಡುಮಕ್ಕಳಿಗೆ ಇದು ಕಳೆದುಹೋದ ವರ್ಷಗಳ ಲೆಕ್ಕವಾದರೆ, ಹೆಣ್ಣುಮಕ್ಕಳಿಗೆ ಅದರ ಜೊತೆಗೆ ಮದುವೆಯ ಒತ್ತಡವೂ ಸೇರಿಕೊಂಡಿತು. ಪ್ರಾಮಾಣಿಕವಾಗಿ ಓದಿ ಬರೆದ ಒಬ್ಬ ಹುಡುಗಿ ಆ ಎರಡೂಕಾಲು ವರ್ಷಗಳಲ್ಲಿ ತಯಾರಿ ಬಿಟ್ಟಳೆಂದರೆ, ಅದು ಒಂದು ಗ್ರಾಮೀಣ ಠಾಣೆ ಕಳೆದುಕೊಂಡ ಮಹಿಳಾ ಅಧಿಕಾರಿಯ ಲೆಕ್ಕವೂ ಹೌದು. ಈ ಹಗರಣದ ಬಗ್ಗೆ ನಡೆದ ಚರ್ಚೆಯಲ್ಲಿ ಈ ನಷ್ಟಕ್ಕೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ.

ಮಹಿಳೆಯರ ಸಂಖ್ಯೆ ಹೆಚ್ಚಿದೊಡನೆ ಎಲ್ಲವೂ ಸರಿಹೋಗುತ್ತದೆ ಎಂದು ಭಾವಿಸುವುದೂ ಸಲ್ಲದು. 2020ರ ಜನವರಿಯಲ್ಲಿ ಬೀದರ್ ನಗರದ ಶಾಲೆಯೊಂದರಲ್ಲಿ ಮಕ್ಕಳು ಆಡಿದ ನಾಟಕದ ಕುರಿತು ರಾಜದ್ರೋಹದ ಪ್ರಕರಣ ದಾಖಲಾಗಿ, ಪೊಲೀಸರು ಶಾಲೆಗೆ ಹೋಗಿ ಮಕ್ಕಳನ್ನು ಪ್ರಶ್ನಿಸಿದರು. ಸಮವಸ್ತ್ರದಲ್ಲಿ, ಆಯುಧಗಳೊಡನೆ ಮಕ್ಕಳನ್ನು ಪ್ರಶ್ನಿಸಿದ್ದು ಬಾಲನ್ಯಾಯ ಕಾಯ್ದೆಯ ಉಲ್ಲಂಘನೆಯೆಂದು ಹೈಕೋರ್ಟ್ 2021ರಲ್ಲಿ ಮೇಲ್ನೋಟಕ್ಕೆ ಅಭಿಪ್ರಾಯಪಟ್ಟಿತು, ಮತ್ತು 2023ರ ಜೂನ್‌ನಲ್ಲಿ ಕಲಬುರಗಿ ಪೀಠ ರಾಜದ್ರೋಹದ ಆ ಪ್ರಕರಣವನ್ನು ರದ್ದುಪಡಿಸಿತು. ಮಕ್ಕಳ ಮುಂದೆ ಹೇಗೆ ಕೂರಬೇಕು, ಏನು ತೊಡಬೇಕು, ಯಾರು ಜೊತೆಗಿರಬೇಕು ಎಂಬುದು ತರಬೇತಿಯಿಂದ, ಮೇಲಧಿಕಾರಿಯ ಆದೇಶದಿಂದ ಬರುವ ನಡವಳಿಕೆ. ಹೆಣ್ಣಾಗಿ ಹುಟ್ಟಿದ ಮಾತ್ರಕ್ಕೆ ಅದು ತಾನಾಗಿ ಬಾರದು. ಆದ್ದರಿಂದ ಕಲಬುರಗಿ ಬಳಿಯ ನಾಗನಹಳ್ಳಿಯ ಪೊಲೀಸ್ ತರಬೇತಿ ಕೇಂದ್ರದಂಥ ಕಡೆಗಳಲ್ಲಿ ಏನನ್ನು ಕಲಿಸಲಾಗುತ್ತದೆ ಎಂಬುದು ನೇಮಕಾತಿಯ ಸಂಖ್ಯೆಯಷ್ಟೇ ಮುಖ್ಯ.

ಈಚಿನ ವರ್ಷಗಳಲ್ಲಿ ಬೀದರ್ ರಾಜ್ಯಕ್ಕೆ ಕೊಟ್ಟ ಒಂದು ಕೊಡುಗೆ ಅಕ್ಕ ಪಡೆ. ಹೆಣ್ಣುಮಕ್ಕಳ ಮತ್ತು ಮಕ್ಕಳ ಸುರಕ್ಷತೆಗಾಗಿ ಶಾಲಾ ಕಾಲೇಜು, ಬಸ್ ನಿಲ್ದಾಣಗಳಂಥ ಜಾಗಗಳಲ್ಲಿ ಗಸ್ತು ತಿರುಗುವ ಈ ಮಹಿಳಾ ಪಡೆ 2025ರಲ್ಲಿ ಮೊದಲು ಈ ಜಿಲ್ಲೆಯಲ್ಲಿ ಆರಂಭವಾಗಿ, ಅದೇ ವರ್ಷ ರಾಜ್ಯಮಟ್ಟದ ಯೋಜನೆಯಾಗಿ ವಿಸ್ತರಿಸಿತು. ಬೆಂಗಳೂರಿನಲ್ಲಿ ಹುಟ್ಟಿದ ಯೋಜನೆಗಳು ಸುಮಾರು 700 ಕಿಲೋಮೀಟರ್ ದೂರದ ಬೀದರ್‌ಗೆ ಕೊನೆಯಲ್ಲಿ ತಲುಪುವುದೇ ವಾಡಿಕೆಯಾಗಿರುವಾಗ, ಇಲ್ಲಿಂದ ಹೊರಟದ್ದು ಅಲ್ಲಿಗೆ ಮುಟ್ಟಿದ್ದು ಸಣ್ಣ ಸಂಗತಿಯಲ್ಲ. ಗಸ್ತಿನ ವಾಹನ ಕಂಡು ಧೈರ್ಯ ತಂದುಕೊಂಡು ಬಾಯಿಬಿಟ್ಟ ಹುಡುಗಿಯ ದೂರು ಕಡೆಗೆ ಬಂದು ನಿಲ್ಲುವುದು ಠಾಣೆಯ ಮೇಜಿನ ಮೇಲೆಯೇ ಎಂಬುದನ್ನು ಮಾತ್ರ ಮರೆಯಬಾರದು.

ಆ ಮೇಜಿನ ಆಚೆ ಬದಿಗೆ ಹೋಗಲು ಈ ಸೀಮೆಯ ಮಹಿಳಾ ಪೇದೆಗೆ ಇರುವ ದಾರಿಗಳು ಎರಡು. ಒಂದು ಸೇವಾ ಹಿರಿತನದ ಬಡ್ತಿ, ಮುಖ್ಯ ಪೇದೆ ಮತ್ತು ಎಎಸ್‌ಐ ದರ್ಜೆಗಳನ್ನು ದಾಟಿ ನಿವೃತ್ತಿಯ ಅಂಚಿಗೆ ಪಿಎಸ್‌ಐ ದರ್ಜೆಯನ್ನು ಮುಟ್ಟಿಸುವ ನಿಧಾನದ ದಾರಿ. ಇನ್ನೊಂದು, ಪಿಎಸ್‌ಐ ನೇರ ನೇಮಕಾತಿಯಲ್ಲಿ ಸೇವಾನಿರತ ಸಿಬ್ಬಂದಿಗೆಂದು ಇರಿಸಿದ ಪಾಲು. ಪದವಿ ಪಡೆದ ಪೇದೆಯೊಬ್ಬಳು ಬಂದೋಬಸ್ತು, ಸೆಂಟ್ರಿ, ರಾತ್ರಿ ಪಾಳಿಗಳ ನಡುವೆಯೇ ಓದಿ ಆ ಪರೀಕ್ಷೆಗೆ ಕೂರಬಹುದು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಹಿಳಾ ನೌಕರರಿಗೆ ಒಟ್ಟು ಆರು ತಿಂಗಳ ಶಿಶುಪಾಲನಾ ರಜೆ ಮಂಜೂರು ಮಾಡಿದ ಮೇಲೆ ಚಿಕ್ಕ ಮಕ್ಕಳ ತಾಯಂದಿರಿಗೆ ಈ ದಾರಿ ಸ್ವಲ್ಪ ಹಗುರವಾಗಿದೆ. ಆ ರಜೆ ಕೇಳಿದಾಗ ಸಿಗುವುದೋ ಇಲ್ಲವೋ ಎಂಬುದು ಠಾಣೆಯ ಅಂದಿನ ಸಿಬ್ಬಂದಿ ಬಲವನ್ನೂ, ಅರ್ಜಿಗೆ ಸಹಿ ಹಾಕುವ ಅಧಿಕಾರಿಯನ್ನೂ ಅವಲಂಬಿಸಿದೆ.